ನೂರಕ್ಕೆ ಮೂರೇ ದಿನ ಬಾಕಿ

ಐಮಂಗಲದಿಂದ ಹಿರಿಯೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೊಂದು ತೆಂಗಿನ ನಾರಿನ ಫ್ಯಾಕ್ಟರಿ. ಸಿಪ್ಪೆ ಒಂದು ಕಡೆಯಿಂದ ಒಳಗೆ ಹೋಗಿ, ಇನ್ನೊಂದು ಕಡೆಯಿಂದ ಕಲ್ಲಿನಂತೆ ಗಟ್ಟಿಯಾದ ನಾರಿನ ಮೂಟೆಯಾಗಿ ಹೊರಬರುತ್ತಿತ್ತು. ಮೂಟೆ ಒತ್ತುವ ಪ್ರೆಸ್ಸಿನ ಮೇಲೆ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದವನು ದೊಡ್ಡತಿಮ್ಮಪ್ಪ.

ಮ್ಯಾನೇಜರ್ ನಿರಂಜನ್ ಚಿತ್ರದುರ್ಗದಲ್ಲಿ ಎರಡು ದಿನದ ತರಬೇತಿಗೆ ಹೋಗಿ ಬಂದವರೇ ಗೇಟಿನ ಬಳಿ ಒಂದು ಕರಿಹಲಗೆ ನೇತುಹಾಕಿಸಿದ್ದರು. 'ಅಪಘಾತವಿಲ್ಲದ ದಿನಗಳು' ಎಂದು ಮೇಲೆ ಬಣ್ಣದಲ್ಲಿ ಬರೆಸಿ, ಕೆಳಗಿನ ಸಂಖ್ಯೆಯನ್ನು ದಿನಾ ಬೆಳಿಗ್ಗೆ ತಾವೇ ಸೀಮೆಸುಣ್ಣದಿಂದ ತಿದ್ದುತ್ತಿದ್ದರು. ನೂರು ದಿನ ತುಂಬಿದರೆ ನಲವತ್ತು ಜನಕ್ಕೂ ಮಾರಿಕಣಿವೆ ಡ್ಯಾಮಿನ ಬಳಿ ಬಾಡೂಟ ಎಂದು ಮಾತು ಕೊಟ್ಟಿದ್ದರು. ಅಂದಿನಿಂದ ಫ್ಯಾಕ್ಟರಿಯಲ್ಲಿ ಅಪಘಾತಗಳು ನಿಂತೇಹೋದವು. ಗಾಯಗಳು ಮಾತ್ರ ನಿಂತಿರಲಿಲ್ಲ.

ಇದು ಮೊದಲು ಹೊಳೆದದ್ದು ಮದೀಹಾಗೆ. ಸುರಕ್ಷತಾ ಅಧಿಕಾರಿಯಾಗಿ ಹೊಸದಾಗಿ ಸೇರಿದ್ದ ಆಕೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಒಂದೇ ತಿಂಗಳಲ್ಲಿ ಮೂರು ಸಲ ತುಂಬಿಸಿದ್ದಳು.

"ಯಾರಿಗೂ ಏನೂ ಆಗಿಲ್ಲ ಅಂತೀರ. ಮತ್ತೆ ಹತ್ತಿ, ಬ್ಯಾಂಡೇಜು ಎಲ್ಲಿಗೆ ಹೋಯ್ತು?" ಎಂದು ಅವಳು ಕೇಳಿದಾಗ ಬೆಲ್ಟಿನ ಕೆಲಸದ ನಿಂಗಕ್ಕ ಕಣ್ಣು ಮಿಟುಕಿಸದೆ ಹೇಳಿದಳು: "ಇಲಿ ಕಾಟ ಜಾಸ್ತಿ ಆಗೈತೆ ಮೇಡಂ."

"ಟಿಂಚರ್ ಬಾಟ್ಲಿನೂ ಇಲಿ ಕುಡೀತಾ?"

"ಅದಕ್ಕೂ ಗಾಯ ಆಗಿರ್ತೈತೆ, ಪಾಪ."

ತೊಂಬತ್ತೇಳನೇ ದಿನ, ಗುರುವಾರ. ದೊಡ್ಡತಿಮ್ಮಪ್ಪ ಪ್ರೆಸ್ಸಿನಿಂದ ಮೂಟೆ ಇಳಿಸುವಾಗ ನೆಲದ ಎಣ್ಣೆಯ ಮೇಲೆ ಕಾಲು ಜಾರಿತು. ಅವನು ಬೀಳಲಿಲ್ಲ. ಮೂಟೆ ಬಿತ್ತು, ಅವನ ಬಲಗಾಲಿನ ಮೇಲೆ. ಕಂಪನಿ ಕೊಟ್ಟಿದ್ದ ಗಟ್ಟಿ ಬೂಟು ಅವನ ಮನೆಯ ಬೀರುವಿನ ಮೇಲಿತ್ತು. ಅಷ್ಟು ಚೆಂದದ ಬೂಟನ್ನು ಫ್ಯಾಕ್ಟರಿಯ ದೂಳಿಗೆ ಹಾಕಲು ಮನಸ್ಸು ಬಾರದೆ ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ. ಕಾಲಲ್ಲಿದ್ದದ್ದು ಹವಾಯಿ ಚಪ್ಪಲಿ.

"ಅಯ್ಯೋ ಶಿವನೇ!" ಎಂದು ಅವನು ಕೂಗಿದ್ದು ಶೆಡ್ಡಿನ ತಗಡಿಗೆ ಬಡಿದು ಮರಳಿತು. ಬಾಗಿಲಲ್ಲಿ ಮದೀಹಾ ಕಂಡಳು. ನಿಂಗಕ್ಕ ಆ ಕೂಗನ್ನು ನೆಲಕ್ಕೆ ಬೀಳಲು ಬಿಡಲಿಲ್ಲ. "ಕಾಪಾಡೋ ತಂದೇ..." ಎಂದು ರಾಗ ಎಳೆದು ಚಪ್ಪಾಳೆ ತಟ್ಟಿದಳು. ಉಳಿದವರೂ ಹಿಡಿದುಕೊಂಡರು. ದೊಡ್ಡತಿಮ್ಮಪ್ಪನೂ ಕಣ್ಣಲ್ಲಿ ನೀರು ತುಂಬಿಕೊಂಡು "ಶಿವನೇ, ಶಿವನೇ" ಎನ್ನುತ್ತ ಕುಂತ. ಅಷ್ಟು ಭಕ್ತಿಯ ಭಜನೆಯನ್ನು ಮದೀಹಾ ಎಲ್ಲೂ ಕೇಳಿರಲಿಲ್ಲ.

"ಏನಿದು?"

"ಸೋಮವಾರದ ಭಜನೆ ಮೇಡಂ."

"ಇವತ್ತು ಗುರುವಾರ."

"ಸೋಮವಾರ ಲೋಡ್ ಇತ್ತಲ್ಲ, ಬಾಕಿ ಉಳ್ಕಂಡಿತ್ತು," ಎಂದಳು ನಿಂಗಕ್ಕ.

ಸಂಜೆಯ ಹೊತ್ತಿಗೆ ಕಾಲು ಕುಂಬಳಕಾಯಿಯಾಗಿತ್ತು. ಹಿರಿಯೂರಿನ ಆಸ್ಪತ್ರೆಗೆ ಹೋದರೆ ಚೀಟಿ ಬರೆಯುತ್ತಾರೆ, ಚೀಟಿ ಆಫೀಸಿಗೆ ಮುಟ್ಟುತ್ತದೆ, ನಲವತ್ತು ಜನರ ಊಟಕ್ಕೆ ಕಲ್ಲು ಬೀಳುತ್ತದೆ. ಹಾಗಾಗಿ ಫಿಟ್ಟರ್ ಜಮೀರ್ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊಳಲ್ಕೆರೆ ಸೀಮೆಯ ತಾಳ್ಯಕ್ಕೆ ಹೊರಟ. ಅಲ್ಲಿ ಮೂಳೆ ಕಟ್ಟುವ ಪಾಲಯ್ಯನಿದ್ದ. ದಾರಿಯುದ್ದಕ್ಕೂ ರಸ್ತೆಯ ಪ್ರತಿ ಉಬ್ಬಿಗೂ ದೊಡ್ಡತಿಮ್ಮಪ್ಪನ ಭಜನೆ ಮುಂದುವರಿಯಿತು.

ಪಾಲಯ್ಯನ ಜಗಲಿಯಲ್ಲಿ ಆಗಲೇ ಒಬ್ಬರು ಕುಂತಿದ್ದರು. ಬಲ ಮಣಿಕಟ್ಟಿಗೆ ಮೊಟ್ಟೆಯ ಲೋಳೆ, ಉದ್ದಿನ ಹಿಟ್ಟು ಬಳಿದು ಬಿದಿರಿನ ದಬ್ಬೆ ಕಟ್ಟಿಸಿಕೊಳ್ಳುತ್ತಿದ್ದ ಮ್ಯಾನೇಜರ್ ನಿರಂಜನ್.



"ಏನು ದೊಡ್ಡತಿಮ್ಮಪ್ಪ, ಇಲ್ಲಿ?" ಎಂದರು ನಿರಂಜನ್, ಕೈಯನ್ನು ಬೆನ್ನ ಹಿಂದೆ ಸರಿಸುತ್ತ. ಮೊಟ್ಟೆಯ ಲೋಳೆ ಅಂಗಿಗೆ ಹತ್ತಿತು.

"ಇಲ್ಲೊಬ್ರು ನೆಂಟ್ರು ಅವ್ರೆ ಸಾರ್. ನೋಡ್ಕಂಡು ಹೋಗಾಣ ಅಂತ. ನೀವು?"

"ನಾನೂ ಅಷ್ಟೇ."

"ಇಬ್ರಿಗೂ ನಾನೇನಾ ನೆಂಟ?" ಎಂದ ಪಾಲಯ್ಯ. "ಕುಂತ್ಕಳ್ರಿ. ನೀನೂ ಬೈಕಿಂದ ಬಿದ್ದೇನಪ್ಪ? ಇವ್ರೂ ಹಂಗೇ ಅಂದ್ರು. ಈ ಮೂರು ತಿಂಗ್ಳಲ್ಲಿ ನಿಮ್ಮ ಫ್ಯಾಕ್ಟರಿಯೋರು ಏಳು ಜನ ಬಂದ್ರು. ಏಳು ಜನಾನೂ ಬೈಕಿಂದ ಬಿದ್ದೋರೇ, ಒಬ್ಬರ ಮೈ ಮೇಲೂ ತರಚಿದ ಗಾಯ ಇಲ್ಲ. ಎಲ್ಲರ ಕಾಲಿಗೂ ಒಂದೇ ಎಣ್ಣೆ ವಾಸ್ನೆ. ನಿಮ್ಮೂರ್ ರೋಡಿಗೆ ಟಾರ್ ಬದ್ಲು ಎಣ್ಣೆ ಹಾಕ್ಯಾರಾ ಏನ್ ಕತೆ?"

ಜಮೀರ್ ನಗು ತಡೆಯಲಾರದೆ ಅಂಗಳಕ್ಕೆ ಇಳಿದ. ನಿರಂಜನ್ ಮುಖ ಒರೆಸಿಕೊಂಡರು.

"ಮೊನ್ನೆ ಬೆಳಿಗ್ಗೆ," ಎಂದರು ಮೆಲ್ಲಗೆ. "ನೀವ್ಯಾರೂ ಬಂದಿರ್ಲಿಲ್ಲ. ಪ್ರೆಸ್ ಹತ್ರ ಜಾರಿದೆ."

"ನಾನೂ ಅಲ್ಲೇ ಸಾರ್. ಅದೇ ಎಣ್ಣೆ."

"ನಾನು ಎರಡು ಸಲ ಹೇಳಿದ್ದೆ ಸಾರ್," ಅಂಗಳದಿಂದಲೇ ಹೇಳಿದ ಜಮೀರ್. ಈಗ ಅವನು ನಗುತ್ತಿರಲಿಲ್ಲ. "ಸೀಲ್ ಹೋಗಿ ಎಣ್ಣೆ ಸೋರ್ತೈತೆ, ಒಂದ್ ದಿನ ಪ್ರೆಸ್ ನಿಲ್ಲಿಸ್ಬೇಕು ಅಂತ. ನೂರು ದಿನ ಮುಗೀಲಿ, ಆಮೇಲೆ ನೋಡಾಣ ಅಂದ್ರಿ."

ಅಷ್ಟರಲ್ಲಿ ಪಾಲಯ್ಯ ಸದ್ದಿಲ್ಲದೆ ಊದಿದ ಕಾಲಿನ ಹೆಬ್ಬೆರಳನ್ನು ಹಿಡಿದು ಎಳೆದ. ದೊಡ್ಡತಿಮ್ಮಪ್ಪನ ಕೂಗಿಗೆ ಬೇವಿನ ಮರದ ಹಕ್ಕಿಗಳೆಲ್ಲ ಎದ್ದು ಹಾರಿದವು. ಕೂಗಿ ಮುಗಿದ ಮೇಲೆ ಅವನಿಗೆ ಹೊಳೆಯಿತು: ಕಾಲು ಜಾರಿದಾಗ ತಾನೂ ಬಿದ್ದಿದ್ದರೆ ಆ ಮೂಟೆ ಎದೆಯ ಮೇಲೆ ಬೀಳುತ್ತಿತ್ತು. ಆಗಲೂ ನಿಂಗಕ್ಕ ಚಪ್ಪಾಳೆ ತಟ್ಟುತ್ತಿದ್ದಳೇನೋ.

ಮಾರನೇ ದಿನ ನಿರಂಜನ್ ಬಾಯಿಂದಲೇ ಎಲ್ಲ ಕೇಳಿದ ಮದೀಹಾ ಇಬ್ಬರನ್ನೂ ಮೊದಲು ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದಳು. ಮಧ್ಯಾಹ್ನ ನಿರಂಜನ್ ಎಲ್ಲರನ್ನೂ ಶೆಡ್ಡಿನಲ್ಲಿ ಸೇರಿಸಿ, ಪ್ಲಾಸ್ಟರ್ ಹಾಕಿದ ಕೈ ಎತ್ತಿ ತೋರಿಸಿದರು.

"ನಾನು ಬಿದ್ದೆ, ಮುಚ್ಚಿಟ್ಟೆ. ನೀವೂ ಮುಚ್ಚಿಟ್ಟಿದ್ದೀರ. ತಪ್ಪು ನಿಮ್ಮದಲ್ಲ, ಆ ಹಲಗೆ ಹಾಕಿದ ನನ್ನದು. ಯಾರಿಗೇನು ಆಗಿದೆ, ಎಲ್ಲೇನು ಕೆಟ್ಟಿದೆ, ಹೇಳಿ."

ಇದು ಹೆಸರು ಬರೆದುಕೊಳ್ಳುವ ಉಪಾಯ ಎಂದೇ ಎಲ್ಲರ ಅನುಮಾನ. ಆಗ ದೊಡ್ಡತಿಮ್ಮಪ್ಪ ಕುಂಟುತ್ತ ಮುಂದೆ ಬಂದು ಪ್ಯಾಂಟು ಮೇಲೆತ್ತಿದ.

"ಮೂರೇ ದಿನ ಇತ್ತಲ್ಲೋ ಪುಣ್ಯಾತ್ಮ!" ಎಂದಳು ನಿಂಗಕ್ಕ ಸಂಕಟದಿಂದ.

"ನನ್ನ ಕಾಲಿಗೆ ಲೆಕ್ಕ ಬರಲ್ಲ ಕಣಕ್ಕ. ನಿನ್ನ ಬೆರಳು ತೋರ್ಸು."

ನಿಂಗಕ್ಕ ಸೆರಗಿನೊಳಗಿನ ಎಡಗೈಯನ್ನು ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ. ತೆಗೆದಾಗ ಕಿರುಬೆರಳಿನ ಉಗುರಿರಲಿಲ್ಲ. "ಬೆಲ್ಟಿಗೆ ಜಾಲರಿ ಇಲ್ಲ ಸಾರ್," ಎಂದಳು. "ಸೆರಗು ಸಿಕ್ಕಿದ್ರೆ ನಾನೂ ನಾರಾಗ್ತಿದ್ದೆ."

ಅಲ್ಲಿಂದ ಮಾತಿನ ಕಟ್ಟೆ ಒಡೆಯಿತು. ಏಣಿಯ ಮುರಿದ ಮೆಟ್ಟಿಲು, ಶಾಕ್ ಹೊಡೆಯುವ ಸ್ವಿಚ್ಚು, ಕತ್ತಲೆಯ ಮೂಲೆ, ಚಾಲಕನ ಕಡೆ ತಿರುಗಿಯೂ ನೋಡದ ಲಾರಿಯ ಕನ್ನಡಿ. ಮದೀಹಾ ಮೂವತ್ತೊಂದರವರೆಗೆ ಬರೆದು ಕೈ ನೋವೆಂದು ಪೆನ್ನನ್ನು ಜಮೀರನಿಗೆ ಕೊಟ್ಟಳು. "ನೋಡಿ, ಇದೂ ಒಂದು ಗಾಯ, ಬರ್ಕಳ್ಳಿ," ಎಂದಳು.

ಶನಿವಾರ ಪ್ರೆಸ್ ನಿಂತಿತು. ಜಮೀರ್ ಸೀಲ್ ಬದಲಿಸಿದ, ಬೆಲ್ಟಿಗೆ ಜಾಲರಿ ಹಾಕಿದ. ಬಾಡೂಟವನ್ನೂ ನಿರಂಜನ್ ತಪ್ಪಿಸಲಿಲ್ಲ. ಅಂದೇ ಫ್ಯಾಕ್ಟರಿಯ ಅಂಗಳದಲ್ಲಿ ಹಾಕಿಸಿದರು. ದೊಡ್ಡತಿಮ್ಮಪ್ಪ ಪ್ಲಾಸ್ಟರಿನ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು ಎರಡು ಎಲೆ ಊಟ ಮಾಡಿದ.

ಯಾರು ಬೇಕಾದರೂ ಮಷಿನ್ ನಿಲ್ಲಿಸಬಹುದು ಎಂಬ ಹೊಸ ನಿಯಮವನ್ನು ಯಾರೂ ನಂಬಿರಲಿಲ್ಲ. ಎರಡು ವಾರದ ನಂತರ ಭಾರಿ ಲೋಡ್ ಇದ್ದ ಒಂದು ಬೆಳಿಗ್ಗೆ, ಇದ್ದಕ್ಕಿದ್ದಂತೆ ಇಡೀ ಶೆಡ್ಡು ಸ್ತಬ್ಧವಾಯಿತು. ನಿಂಗಕ್ಕ ಕೆಂಪು ಗುಂಡಿಯ ಮೇಲೆ ಅಂಗೈ ಒತ್ತಿ ನಿಂತಿದ್ದಳು. ನಿರಂಜನ್ ಆಫೀಸಿನಿಂದ ಓಡಿ ಬಂದರು. ಮುಖ ಕೆಂಪಾಗಿತ್ತು. ಯಾರು ನಿಲ್ಲಿಸಿದ್ದು ಎನ್ನುತ್ತಾರೆಂದು ಎಲ್ಲರೂ ಕಾದರು.

"ಏನಾಯ್ತು ನಿಂಗಕ್ಕ?" ಎಂದು ಕೇಳಿದರು ನಿರಂಜನ್.

"ಬೆಲ್ಟ್ ಕೆಳಗೆ ನಾಯಿಮರಿ ಮಲಗೈತೆ ಸಾರ್."

ನಿರಂಜನ್ ಬಗ್ಗಿ ನೋಡಿದರು. ಮರಿ ಒಂದು ಕಣ್ಣು ತೆರೆದು ಅವರನ್ನು ನೋಡಿ ಮತ್ತೆ ಮುಚ್ಚಿತು. ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಅವನಿಗೆ ತಡಿ ಎಂದು ಕೈ ಮಾಡಿ, ಮ್ಯಾನೇಜರ್ ಸಾಹೇಬರು ನಾರಿನ ದೂಳಿನಲ್ಲಿ ಮಂಡಿಯೂರಿ, "ಬಾ ಮರಿ, ಬಾ," ಎಂದು ಕರೆಯತೊಡಗಿದರು.