ಬಿಷಪ್ಪರ ಹೆಬ್ಬೆರಳು

ಸಂಜೆ ಧ್ವಜ ಇಳಿದರೆ, ಸೇವೆಯಿಂದ ನಿವೃತ್ತವಾಗುತ್ತಿದ್ದ 'ವಾಂಡೂ' ಯುದ್ಧನೌಕೆಯ ಕತೆ ಮುಗಿದಂತೆ. ಅದರ ಹಿತ್ತಾಳೆ ಗಂಟೆ ಉಗ್ರಾಣ ಸೇರುತ್ತದೆ. ಅಷ್ಟರೊಳಗೆ, ನಾವಿಕರ ಮಕ್ಕಳಿಗೆಲ್ಲ ಮಾಡುತ್ತ ಬಂದಂತೆ, ಆ ಗಂಟೆಯನ್ನು ಮರದ ಚೌಕಟ್ಟಿನಲ್ಲಿ ಬಾಯಿ ಮೇಲಾಗಿ ನಿಲ್ಲಿಸಿ, ನೀರು ತುಂಬಿ, ಅಡುಗೆಯ ಟೀಗನ್ನಳ ಮಗು ಪರ್ಲ್‌ಗೆ ದೀಕ್ಷಾಸ್ನಾನ ಆಗಬೇಕಿತ್ತು. ಅದೂ ನೌಕೆಯ ಪಾದ್ರಿ ಹೆಸ್ಟರ್ ಪೆಂಗೆಲ್ಲಿಯ ಕೈಯಿಂದಲೇ.

ಹಾಗೆಂದು ಹೆಸ್ಟರ್ ಮಾತು ಕೊಟ್ಟಿದ್ದಳು. ಹಿಂದೊಮ್ಮೆ ನಡುಗಡಲಿನಲ್ಲಿದ್ದಾಗ ಟೀಗನ್ನಳ ತಾಯಿ ತೀರಿಹೋದ ಸುದ್ದಿ ಬಂದಿತ್ತು. ಆ ವಾರವೆಲ್ಲ ಹೆಸ್ಟರ್ ಬೈಬಲ್ ಬದಿಗಿಟ್ಟು ಅವಳ ಪಕ್ಕ ಕೂತು ಆಲೂಗಡ್ಡೆ ಸುಲಿದಳು. ಚರ್ಚಿನ ಕಡೆ ತಲೆಹಾಕದ ಹುಡುಗಿ ಆಗ, "ನಂಗೇನಾದ್ರೂ ಮಗು ಆದ್ರೆ ನೀವೇ ನೀರು ಹಾಕ್ಬೇಕು ಪಾದ್ರಮ್ಮ, ಬೇರೆ ಯಾರೂ ಬೇಡ" ಅಂದಿದ್ದಳು.

ಈಗ ನೋಡಿದರೆ, ಕೊನೆಯ ದಿನವೆಂದು ಸೇನೆಯ ಪಾದ್ರಿಗಳಿಗೆಲ್ಲ ಹಿರಿಯರಾದ ಬಿಷಪ್ ಮಾರ್ಟ್‌ಲಾಕ್ ಅವರೇ ನೌಕೆ ತಂಗಿದ್ದ ಕೇರ್ನ್ಸ್ ಬಂದರಿಗೆ ಬಂದಿಳಿದಿದ್ದರು. ಬಿಷಪ್ ಇರುವಾಗ ನೀರು ಹಾಕುವವರು ಬಿಷಪ್ಪರೇ. ಹೆಸ್ಟರ್ ಪಾಲಿಗೆ ಟವೆಲ್ ಹಿಡಿಯುವ ಕೆಲಸ ಬಂತು. ದೇವರ ಸೇವಕಿಗೂ ಸಿಟ್ಟು ಬರುತ್ತದೆ. ಅವಳು ಒಳಗೊಳಗೇ ಕುದಿಯುತ್ತ, ಹೊರಗೆ ಹಲ್ಲು ಕಿರಿಯುತ್ತ ನಿಂತಿದ್ದಳು.

ಬಿಷಪ್ ಕೈ ಚಾಚಿದಾಗ ಟೀಗನ್ ಮಗುವನ್ನು ಇನ್ನಷ್ಟು ಅವುಚಿಕೊಂಡಳು. "ನಮ್ಮ ಪಾದ್ರಮ್ಮನೇ ಹಾಕ್ತೀನಿ ಅಂತ ಮಾತು ಕೊಟ್ಟಿದ್ರು ಸಾರ್."

ಕಪ್ತಾನ ಕೆಮ್ಮಿದ. ಬಿಷಪ್ ಹೆಸ್ಟರಳತ್ತ ತಿರುಗಿದರು. ಅವಳು ಟವೆಲಿನ ಅಂಚು ನೋಡುತ್ತಿದ್ದಳು.

ಇರುಸುಮುರುಸು ಮುಚ್ಚಲು ಹಳೇ ನಾವಿಕ ಡೂಗಲ್ ಅವಸರದಲ್ಲಿ ಗಂಟೆಗೆ ಬಿಂದಿಗೆ ಬಗ್ಗಿಸಿದ. ಆ ನೀರು ಗಂಟೆಯ ತಳದಿಂದ ಇಳಿದು ನೆಟ್ಟಗೆ ಬಿಷಪ್ಪರ ಬೂಟಿನ ಮೇಲೆ ಸುರಿಯಿತು. ಹೆಸ್ಟರಳಿಗೆ ಆಗ ಹೊಳೆಯಿತು. ಮಗುವಿನ ತಲೆಗೆ ತಾಗದಿರಲೆಂದು ಗಂಟೆಯ ನಾಲಗೆಯನ್ನು ಬೆಳಿಗ್ಗೆ ಅವಳೇ ಬಿಚ್ಚಿಸಿದ್ದಳು. ಅದು ಕೂರುತ್ತಿದ್ದ ತೂತು ಮುಚ್ಚಿಸಲು ಮರೆತಿದ್ದಳು.

"ದಡ ಸೇರಿದ್ಮೇಲೆ ಹಡಗು ಸೋರೋಕೆ ಶುರುವಾಯ್ತಲ್ರೋ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಬಿಷಪ್ ಮಾತ್ರ ದಡಕ್ಕನೆ ಮಂಡಿಯೂರಿ, ಗಂಟೆಯ ಅಡಿಗೆ ಕೈ ತೂರಿಸಿ, ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರು. ನೇರಳೆ ಅಂಗಿಯ ತೋಳು ತೊಯ್ದು ತೊಪ್ಪೆಯಾಯಿತು. ಡೂಗಲ್ ರಬ್ಬರ್ ಬಿರಡೆ ಹಿಡಿದು ಓಡಿಬಂದ. "ನೀವು ಏಳಿ ಸಾರ್, ಇದನ್ನ ತುರುಕ್ತೀನಿ."

"ಜೇಬಲ್ಲಿಟ್ಕೊಳಯ್ಯ ಅದನ್ನ," ಎಂದರು ಬಿಷಪ್ ಕೆಳಗಿನಿಂದಲೇ. "ನಂಗೆ ಇಲ್ಲಿ ಕೈತುಂಬ ಕೆಲಸ ಇದೆ. ಹೆಸ್ಟರ್, ಏನಮ್ಮಾ ನೋಡ್ತಾ ನಿಂತಿದ್ದೀಯ? ಮಾತು ಕೊಟ್ಟಿರೋಳು ನೀನು. ಬೇಗ ಮುಗಿಸು, ಮಂಡಿ ನೋಯ್ತಿದೆ!"

ಟವೆಲ್ ಕಪ್ತಾನನ ಕೈ ಸೇರಿತು. ಹೆಸ್ಟರ್ ಮಗುವನ್ನೆತ್ತಿಕೊಂಡಳು. ಅವಳ ದನಿ ಬಂದರಿನ ಆಚೆ ದಡಕ್ಕೂ ಕೇಳಿಸಿತು. "ಪರ್ಲ್, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ."

ನೀರು ಬಿದ್ದದ್ದೇ ಮಗು ಕಿಟಾರನೆ ಕಿರುಚಿತು. ಟೀಗನ್ ಅಳುತ್ತ ನಗುತ್ತ ಹೆಸ್ಟರಳ ಹೆಗಲಿಗೊರಗಿದಳು. ನಾವಿಕರೆಲ್ಲ ಟೋಪಿ ತೂರಿ ಜಯಕಾರ ಹಾಕಿದರು. ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವರು ಬಿಷಪ್. ಅವರ ಹೆಬ್ಬೆರಳು ಇನ್ನೂ ತೂತಿನಲ್ಲೇ ಇತ್ತು.