ದುವಾರ್ತೆ ತಡೆದ ಚೆಂಡುಗಳು

ಪೋರ್ಚುಗಲ್ಲಿನ ದುವಾರ್ತೆ ನಮ್ಮ ಹೋಟೆಲಿಗೆ ಬಂದರೆ ಮೊದಲು ಮಾಡುವ ಕೆಲಸ, ಎರಡೂ ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿ ಮಂಡಿ ಉಜ್ಜಿಕೊಳ್ಳುವುದು. ಹದಿನೈದು ವರ್ಷ ಡಿಫೆಂಡರ್ ಆಗಿ ಆಡಿ ನಿವೃತ್ತರಾದವರು. ಈಗ ವಡೋದರಾದ ಮಕರಪುರದಲ್ಲಿ, ಕಾರ್ಖಾನೆಗಳ ನಡುವಿನ ಮೈದಾನದಲ್ಲಿ, ಹುಡುಗಿಯರಿಗೆ ಫುಟ್ಬಾಲ್ ಕಲಿಸುತ್ತಾರೆ. ನನ್ನ ಮಗಳು ಪ್ರತೀಕ್ಷಾ ಅವರ ತಂಡದಲ್ಲಿ ಹಿಂದೆ ನಿಂತು ಎದುರಾಳಿಗಳನ್ನು ತಡೆಯುವವಳು.

ಗಲ್ಲಾದಲ್ಲಿ ಕೂರುವ ನಮ್ಮವರಿಗೆ, ಅಂದರೆ ಪದ್ಮನಾಭರಿಗೆ, ಅದೇ ಸಂಕಟ. ಭಾನುವಾರದ ಪಂದ್ಯಕ್ಕೆ ರಾಜ್ಯ ತಂಡದ ಆಯ್ಕೆಗಾರರು ಬರುವವರಿದ್ದರು. ಹಿಂದೆ ನಿಂತವಳನ್ನು ಯಾರು ನೋಡುತ್ತಾರೆ, ಗೋಲು ಹೊಡೆದರೆ ತಾನೇ ಹೆಸರು ಎಂದು ಅವರ ವಾದ. ಕೋಚಿಗೆ ಬೆಣ್ಣೆ ಹಚ್ಚಲು ನನ್ನಿಂದ ತುಪ್ಪದ ದೋಸೆ ಮಾಡಿಸಿದರು. ಬೆಣ್ಣೆ ಅವರದು, ಬೆವರು ನನ್ನದು.

ದೋಸೆ ಅರ್ಧ ಆಗುವಷ್ಟರಲ್ಲಿ, ಮಗಳನ್ನು ಮುಂದೆ ಆಡಿಸಿ ಎಂದು ಹಿಂದಿ, ಇಂಗ್ಲಿಷ್ ಬೆರೆಸಿ ಕೇಳಿಯೇ ಬಿಟ್ಟರು. ಪ್ರತೀಕ್ಷಾ ತಲೆ ತಗ್ಗಿಸಿ ಕೂತಿದ್ದಳು. ನಾನು ಅಡುಗೆಮನೆಯ ಕಿಂಡಿಯಿಂದ ಕೇಳುತ್ತಿದ್ದೆ.

"ಮೊಬೈಲಿನಲ್ಲಿ ನನ್ನ ಹೆಸರು ಹುಡುಕಿದ್ದೀರಾ?" ಎಂದರು ದುವಾರ್ತೆ. ಅವರ ಇಂಗ್ಲಿಷ್ ನನ್ನದರಷ್ಟೇ ಹರಕುಮುರುಕು, ಹಾಗಾಗಿ ನನಗೂ ತಿಳಿಯಿತು.

ನಮ್ಮವರ ಮುಖ ಸಣ್ಣದಾಯಿತು. ಹುಡುಕಿದ್ದರು; ಸಿಕ್ಕಿದ್ದನ್ನು ಗಿರಾಕಿಗಳಿಗೆಲ್ಲ ತೋರಿಸಿ ನಕ್ಕೂ ಇದ್ದರು. ಸಿಗುವುದು ಒಂದೇ ವಿಡಿಯೋ. ಕೊನೆಯ ಪಂದ್ಯದಲ್ಲಿ ಚೆಂಡು ದುವಾರ್ತೆಯ ಕಾಲಿಗೆ ತಾಗಿ ಅವರದೇ ತಂಡದ ಗೋಲಿಗೆ ಹೋದದ್ದು.

"ಅದಕ್ಕೆ ಮೊದಲು ತಡೆದ ಚೆಂಡುಗಳ ವಿಡಿಯೋ ಯಾರ ಹತ್ತಿರವೂ ಇಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವು. "ಇವಳಷ್ಟು ಚೆನ್ನಾಗಿ ತಡೆಯುವವರು ನನ್ನ ಹತ್ತಿರ ಬೇರೆ ಇಲ್ಲ. ಆದರೆ ನೀವು ಹೇಳುವುದೂ ಸುಳ್ಳಲ್ಲ. ಇವಳು ಕೇಳಿದರೆ ಮುಂದೆ ಹಾಕುತ್ತೇನೆ."

ಕಿಂಡಿಯ ಈಚೆ ನಾನು ಒಲೆ ಸಣ್ಣ ಮಾಡಿದೆ. ಇಲ್ಲಿಯವರ ನಾಲಿಗೆಗೆ ಬೆಲ್ಲ ಹೆಚ್ಚು ಹಾಕಿ ಸಾಂಬಾರು ಕುದಿಸಿ ಕುದಿಸಿ ನನ್ನ ಪ್ರಾಯ ಕಳೆಯಿತು. ಒಂದು ಬೇಸಿಗೆಯಲ್ಲಿ ಸಾಂಬಾರು ಹಳಸಿತು. ಅಂದು ಮಾತ್ರ ನಮ್ಮವರು ನನ್ನನ್ನು ಹೊರಗೆ ಕರೆದು, ಮಾಡಿದ್ದು ಇವಳು ಎಂದು ಗಿರಾಕಿಗಳಿಗೆ ತೋರಿಸಿದ್ದರು. ಅದು ಇನ್ನೂ ಉರಿಯುತ್ತದೆ.

ಸೌಟು ಹಿಡಿದುಕೊಂಡೇ ಹೊರಗೆ ಬಂದೆ. "ಅವಳತ್ರ ಒಂದು ಮಾತು ಕೇಳಿ ಮಾರಾಯ್ರೆ. ಅಲ್ಲಿ ನಿಲ್ಲುವುದು ಅವಳಲ್ವಾ?"

ಪ್ರತೀಕ್ಷಾಳ ಕನ್ನಡ ಅಷ್ಟಕ್ಕಷ್ಟೆ. "ಪಪ್ಪಾ, ನಂಗೆ ಹಿಂದೆನೇ ಬೇಕು. ಅಲ್ಲಿಂದ ಫುಲ್ ಗ್ರೌಂಡ್ ಕಾಣ್ತದೆ."

"ಮತ್ತೆ ಸೆಲೆಕ್ಷನ್ ಆಗ್ಲಿಲ್ಲ ಅಂತ ನನ್ನತ್ರ ಅಳ್ಲಿಕ್ಕೆ ಬರ್ಬೇಡ, ಆಯ್ತಾ," ಎಂದು ನಮ್ಮವರು ಎದ್ದು ಗಲ್ಲಾಕ್ಕೆ ಹೋದರು.

ಭಾನುವಾರ ಮಧ್ಯಾಹ್ನದ ಊಟದ ಗಲಾಟೆ ಮುಗಿದದ್ದೇ ಒಲೆ ಆರಿಸಿ ಮೈದಾನಕ್ಕೆ ಹೋದೆ. ನಮ್ಮವರು ಬರಲಿಲ್ಲ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಎದುರಿನವರು ಮತ್ತೆ ಮತ್ತೆ ನುಗ್ಗಿ ಬಂದರು, ಪ್ರತಿ ಸಲವೂ ನನ್ನ ಮಗಳು ಅಡ್ಡ ಬಂದಳು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ದುವಾರ್ತೆ ಮಾತ್ರ ಪ್ರತಿ ಸಲ ತಲೆಯಾಡಿಸುತ್ತಿದ್ದರು. ಕೊನೆಗೆ ಆಯ್ಕೆಗಾರರು ಮುಂದೆ ಆಡುವ ಇಬ್ಬರು ಹುಡುಗಿಯರನ್ನು ಕರೆದು ಮಾತಾಡಿಸಿ, ಕಾರು ಹತ್ತಿ ಹೊರಟುಹೋದರು. ಪ್ರತೀಕ್ಷಾ ಅಳಲಿಲ್ಲ. ಶೂಸಿನ ಲೇಸು ಬಿಚ್ಚುತ್ತಾ ಹಸಿವಾಗ್ತದೆ ಅಮ್ಮ ಎಂದಳು. ಅತ್ತದ್ದು ನಾನು.

ಹೋಟೆಲಿಗೆ ಮರಳಿದಾಗ ನಮ್ಮವರು ಗಲ್ಲಾದಿಂದ ತಲೆಯೆತ್ತಿ ಕೇಳಿದರು. "ಎಷ್ಟು ಗೋಲು ಆಯ್ತು?"

"ಒಂದೂ ಇಲ್ಲ," ಎಂದೆ. "ನಿಮ್ಮ ಮಗಳು ಒಂದನ್ನೂ ಬಿಡ್ಲಿಲ್ಲ."