ಬೆರ್ಮೆಹೋ ಅವರ ಪ್ರಬಂಧ

ಇಲೋಯ್ಲೋದ ಏಡಿ ಪ್ರಯೋಗಾಲಯದಲ್ಲಿ ಅನಲಿನ್ ಸಾಕಿದ ಮರಿಗಳು ಮತ್ತೆ ಸತ್ತವು. ತೊಟ್ಟಿಯ ನೀರಿನ ಉಪ್ಪಿನಂಶವನ್ನು ಅವಳು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕಾಯ್ದಿದ್ದಳು. ಆ ಅಳತೆಗೆ ಆಧಾರ ಬೆರ್ಮುದೋ ಎಂಬವರ ಹಳೆಯ ಪ್ರಬಂಧ. ಗುಂಪಿನವರು ಬರೆದ ಪ್ರತಿ ಲೇಖನದ ಕೊನೆಯಲ್ಲೂ ಆ ಹೆಸರಿರುತ್ತಿತ್ತು.

"ಮನಾಂಗ್, ಆ ಪ್ರಬಂಧ ನಿಮ್ಮ ಹತ್ರ ಇದ್ಯಾ?" ಎಂದು ಅನಲಿನ್, ಅಕ್ಕ ಎಂಬರ್ಥದಲ್ಲಿ ತಾನು ಹಾಗೆ ಕರೆಯುವ ಹಿರಿಯ ಸಂಶೋಧಕಿ ಲುರ್ದೆಸ್‌ಳನ್ನು ಕೇಳಿದಳು.

"ನನ್ ಹತ್ರ ಎಲ್ಲಿಂದ ಬರ್ಬೇಕು ಇಂದಾಯ್? ನಾನು ಸರ್ ಲೇಖನ ನೋಡಿ ಆ ಹೆಸ್ರು ಹಾಕ್ದೆ" ಎಂದಳು ಲುರ್ದೆಸ್, ತಂಗಿಯನ್ನು ಕರೆಯುವ ಸಲಿಗೆಯಲ್ಲಿ.

ಅಲ್ಲೇ ಇದ್ದ ಗುಂಪಿನ ಮುಖ್ಯಸ್ಥ ಡಾಕ್ಟರ್ ಗಲ್ಯೇಗೋ ಕನ್ನಡಕ ಹಣೆಗೇರಿಸಿದರು. "ನಾನೂ ಇನ್ಯಾರದ್ದೋ ಲೇಖನದಿಂದ ತಗೊಂಡಿದ್ದಮ್ಮ. ಅವರು ಓದಿರ್ತಾರೆ ಅಂದ್ಕೊಂಡೆ."

"ಮದುವೆಮನೇಲಿ ಕರೀದೆ ಬಂದವ್ನಿಗೆ ಹೆಣ್ಣಿನ ಕಡೆಯವ್ನು ಅಂತ ಗಂಡಿನೋರು, ಗಂಡಿನ ಕಡೆಯವ್ನು ಅಂತ ಹೆಣ್ಣಿನೋರು ಊಟ ಹಾಕಿದ ಹಾಗಾಯ್ತು!" ಲುರ್ದೆಸ್ ನಕ್ಕಳು.

ಅಂತರ್ಜಾಲವನ್ನು ಜಾಲಾಡಿದರೂ ಬೆರ್ಮುದೋ ಸಿಗಲಿಲ್ಲ. ಅನಲಿನ್ ಜೀಪ್ನಿ ಹತ್ತಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ, ಲೇಖನಗಳಲ್ಲಿ ನಮೂದಿಸಿದ್ದ ಪತ್ರಿಕೆಯ ಹಳೆಯ ಸಂಚಿಕೆಯ ಧೂಳು ಕೊಡವಿದಳು. ಪ್ರಬಂಧವೇನೋ ಇತ್ತು, ಬರೆದವರ ಹೆಸರು ಮಾತ್ರ ಫೆಲಿಸಿಸಿಮಾ ಬೆರ್ಮೆಹೋ. ಯಾರೋ ಒಬ್ಬರು ತಪ್ಪಾಗಿ ಬರೆದದ್ದನ್ನು ಉಳಿದವರೆಲ್ಲ ಹಾಗೆಯೇ ಇಳಿಸಿಕೊಂಡಿದ್ದರು. ಅವಳು ಅಲ್ಲೇ ಕೂತು ಓದತೊಡಗಿದಳು. ಆ ಅಳತೆ ಬಲಿತ ಏಡಿಗಳದ್ದು. ಮರಿಗಳಿಗೆ ಇನ್ನೂ ಹೆಚ್ಚು ಉಪ್ಪಿನ ನೀರು ಬೇಕೆಂದು ಮುಂದಿನ ಪುಟದಲ್ಲೇ ಬರೆದಿತ್ತು.

ಅವರಿವರನ್ನು ಕೇಳಿ, ರೋಹಾಸ್ ಪಟ್ಟಣದಲ್ಲಿದ್ದ ಬೆರ್ಮೆಹೋ ಅವರ ನಂಬರು ಹಿಡಿದಳು.

"ಮೇಡಂ, ನಿಮ್ಮ ಏಡಿ ಪ್ರಬಂಧ ಓದಿ ಫೋನ್ ಮಾಡ್ತಿದೀನಿ."

ಆ ಕಡೆ ಮೀನು ಹುರಿಯುವ ಚುರುಚುರು ಸದ್ದು ನಿಂತಿತು. ಒಲೆ ಆರಿಸಿರಬೇಕು.

"ನನ್ನದಾ? ಅದನ್ನ ಒಂದು ನರಪಿಳ್ಳೆನೂ ಓದ್ಲಿಲ್ಲ ಅಂತ ಬೇಜಾರಾಗಿ ನಾನು ಶಾಲೆ ಮೇಷ್ಟ್ರಿಕೆಗೆ ಹೋಗ್ಬಿಟ್ಟೆ ಕಣಮ್ಮ."

ಅನಲಿನ್ ಸಂಕೋಚದಿಂದಲೇ ಎಲ್ಲ ಹೇಳಿದಳು.

"ಅಂದ್ರೆ ಇಷ್ಟು ವರ್ಷ ಆ ಬೆರ್ಮುದೋ ದೊಡ್ಡ ಮನುಷ್ಯ ಆಗಿ ಮೆರೆದ ಅನ್ನು!" ಎಂದು ಮುದುಕಿ ನಗಲು ಹೋದರು, ದನಿ ಒಡೆಯಿತು. ಆಮೇಲೆ, "ಮರಿಗಳು ಹೇಗಿವೆ?" ಎಂದರು.

"ಸತ್ತೋದ್ವು ಮೇಡಂ."

"ಮೊದ್ಲು ಉಪ್ಪು ಏರ್ಸು. ಹೆಸರಿನ ವಿಚಾರ ಆಮೇಲೆ ನೋಡ್ಕೊಳ್ಳೋಣ."

ಮುಂದಿನ ಸಲ ಮರಿಗಳು ಉಳಿದವು. ಗಲ್ಯೇಗೋ ತಮ್ಮ ಹಳೆಯ ಲೇಖನಗಳಿಗೆಲ್ಲ ತಿದ್ದುಪಡಿ ಕಳಿಸಿದರು. ಬೆರ್ಮೆಹೋ ಪ್ರಬಂಧದ ಪ್ರತಿಯನ್ನು ಗುಂಪಿನವರಿಗೆಲ್ಲ ಹಂಚಿ, ಕೂತು ಓದಿಸಿದರು. ಗಲ್ಯೇಗೋ ಕರೆಗೆ ಓಗೊಟ್ಟು ಬೆರ್ಮೆಹೋ ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಬಂದರು. ಲುರ್ದೆಸ್ ಕುರ್ಚಿ ತಂದಿಟ್ಟರೂ ಕೂರದೆ, ತೊಟ್ಟಿಯ ಅಂಚಿಗೆ ಕೈಯೂರಿ, ನೀರಿನಲ್ಲಿ ಪುಟಿಯುವ ಮರಿಗಳನ್ನೇ ನೋಡುತ್ತ ನಿಂತರು.